ಗುರಲಿಂಗಪ್ಪನ ಸಕ್ಕರೆ, ಶೇವಂತೆವ್ವನ ಸವಾಲು

ಇಂಡಿ ಸೀಮೆಯಲ್ಲಿ ಡೊಳ್ಳಿನ ಪದದ ಹುಚ್ಚಿರುವವರಿಗೆ ಗುರಲಿಂಗಪ್ಪ ಯಾರೆಂದು ಹೇಳಬೇಕಾಗಿಲ್ಲ. ಹುಚ್ಚಿಲ್ಲದ ಪಾಪದವರ ಸಲುವಾಗಿ ಹೇಳುವುದಾದರೆ, ಅವನು ಸಾಲೋಟಗಿಯ ಆಚೆಗಿನ ಒಂದು ಹಳ್ಳಿಯ ಕುರುಬ, ಅರವತ್ತರ ಹೊಸ್ತಿಲಲ್ಲಿ ನಿಂತ ಗಟ್ಟಿ ಆಸಾಮಿ. ಒಂದು ಹಿಂಡು ಕುರಿ, ಒಂದಿಷ್ಟು ನಿಂಬೆ ತೋಟ, ತಂದೆ ಬಿಟ್ಟುಹೋದ ಡೊಳ್ಳು, ಹೆಂಡತಿ ಶೇವಂತೆವ್ವ, ಇಂಡಿಗೆ ಟೆಂಪೊ ಹೊಡೆಯುವ ಮಗ ಕಾಂತು, ಇಷ್ಟು ಅವನ ಸಂಸಾರ. ಕುರಿ, ತೋಟ, ಡೊಳ್ಳು ಅವನ ಮಾತು ಕೇಳುತ್ತವೆ. ಶೇವಂತೆವ್ವ ಕೇಳುವುದು ಪ್ರಶ್ನೆ ಮಾತ್ರ.

ಶಾಲೆಯನ್ನು ಅವನು ನಾಲ್ಕನೆಯ ಇಯತ್ತೆಗೆ ಬಿಟ್ಟ. ತಾನೇ ಬಿಟ್ಟನೋ, ಮಾಸ್ತರರೇ ಕೈಮುಗಿದು ಕಳಿಸಿದರೋ, ಅದರ ಬಗ್ಗೆ ಊರಲ್ಲಿ ಎರಡು ಮಾತಿವೆ. ಅಲ್ಲಿಂದ ಮುಂದೆ ಕುರಿಯ ಹಿಂದೆ ಭೀಮೆಯ ದಂಡೆಯವರೆಗೆ ಅಲೆಯುತ್ತ, ತಂದೆ ಹಾಡಿದ ಪದವನ್ನೆಲ್ಲ ಬಾಯಿಪಾಠ ಮಾಡಿದ. ತಂದೆ ತೀರಿಕೊಂಡ ಮೇಲೆ ಮೇಳಕ್ಕೆ ತಾನೇ ಮುಂದಾಳಾದ.

ಈ ಹಾಡಿಕೆಯ ರೀತಿಯೇ ಬೇರೆ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಹರದೇಶಿ ಮೇಳದವರು ಶಿವ ದೊಡ್ಡವನೆನ್ನುತ್ತಾರೆ, ನಾಗೇಶಿ ಮೇಳದವರು ಶಕ್ತಿ ದೊಡ್ಡವಳೆನ್ನುತ್ತಾರೆ. ಒಬ್ಬರು ಪದದಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಡೊಳ್ಳು ಬಾರಿಸುತ್ತ, ಕುಣಿಯುತ್ತ, ಪದದಲ್ಲೇ ಜವಾಬು ಕೊಡಬೇಕು. ಕೊಡದಿದ್ದರೆ ಕೂತ ಜನ ಮೂರು ಸಂತೆ ದಾಟುವವರೆಗೆ ಆಡಿಕೊಳ್ಳುತ್ತಾರೆ. ಗುರಲಿಂಗಪ್ಪ ಹರದೇಶಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿಂದ ಎಂಥ ಸವಾಲು ಬಂದರೂ ಬೆವರು ಒರೆಸಿಕೊಂಡು ಜವಾಬು ಕೊಟ್ಟವನು. ಅಂಥವನಿಗೆ ಮನೆಯಲ್ಲಿ ಮಾತ್ರ ಒಂದು ಸವಾಲಿಗೆ ಜವಾಬು ಸಿಗದೆ ಹೋಯಿತು.

'ಏನ್ ತಿಂದೀರಿ?' ಇದೇ ಆ ಸವಾಲು.

ಅವನಿಗೆ ಸಕ್ಕರೆ ರೋಗ ಬಂದು ಕೆಲವು ವರ್ಷಗಳಾಗಿವೆ. ಮೊದಮೊದಲು ಅವನು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬೆಲ್ಲ ಹಾಕಿ ತುಪ್ಪ ಸುರಿದ ಗೋಧಿ ಹುಗ್ಗಿ ಎಂದರೆ ಅವನಿಗೆ ಜೀವ. ಆದರೆ ಒಂದು ಸಲ ಹಾಡಿಕೆಯ ನಡುವೆ ಅಂಗಾಲು ಜೋಮು ಹಿಡಿದು, ನೆಲ ಎಲ್ಲಿದೆ ಎಂದು ತಿಳಿಯದೆ ಹೆಜ್ಜೆ ತಪ್ಪಿತು. ಕುಣಿಯಲಾಗದ ಹಾಡಿಕೆಗಾರ ಮೂಲೆಗೆ ಒರಗಿಸಿದ ಒನಕೆ ಎಂದು ಅವನಿಗೆ ಗೊತ್ತು. ಅವತ್ತಿನಿಂದ ಸಿಹಿ ಬಿಟ್ಟ. ನಿಜವಾಗಿಯೂ ಬಿಟ್ಟ. ಓದುವವರು ಈ ಮಾತನ್ನು ನಂಬಬೇಕು, ಏಕೆಂದರೆ ಮನೆಯಲ್ಲಿ ನಂಬುವವರಿರಲಿಲ್ಲ.

ನಂಬದಿರಲು ಶೇವಂತೆವ್ವನಿಗೆ ಕಾರಣಗಳಿದ್ದವು. ಆಕೆಯ ಅಣ್ಣ ಅಪ್ಪಾಸಾಬ ಇದೇ ರೋಗದಲ್ಲಿ ಕಾಲು ಕಳೆದುಕೊಂಡು, ಆಮೇಲೆ ಪ್ರಾಣವನ್ನೂ ಕಳೆದುಕೊಂಡಿದ್ದ. ಗಂಡನಿಗೆ ರೋಗ ಬಂದ ಮೇಲೆ ಆಕೆ ಕಾಂತುವಿಗೆ ಹೇಳಿ ಇಂಡಿಯಿಂದ ಸಕ್ಕರೆ ನೋಡುವ ಯಂತ್ರ ತರಿಸಿದಳು. ಬೆರಳಿಗೆ ಚುಚ್ಚಿ, ಹನಿ ರಕ್ತ ತೆಗೆದು, ಅಂಕಿ ಓದುವುದನ್ನು ಒಂದೇ ದಿನದಲ್ಲಿ ಕಲಿತಳು. ಮತ್ತು ಹಾಡಿಕೆಗೆ ಹೋಗಿಬಂದ ಮರುದಿನ ಬೆಳಿಗ್ಗೆ ಆ ಅಂಕಿ ತಪ್ಪದೆ ಮೇಲಕ್ಕೇರಿರುತ್ತಿತ್ತು.

ಅವತ್ತೂ ಹಾಗೆಯೇ ಆಯಿತು. ಹಿಂದಿನ ದಿನ ಸಿಂದಗಿಯ ಕಡೆ ಹಾಡಿ ಬಂದಿದ್ದ ಗುರಲಿಂಗಪ್ಪ ಇನ್ನೂ ಮುಖ ತೊಳೆದಿರಲಿಲ್ಲ. ಶೇವಂತೆವ್ವ ಯಂತ್ರ ಹಿಡಿದು ಎದುರಿಗೆ ಕೂತಳು.

"ಏನ್ ತಿಂದೀರಿ ನಿನ್ನಿ?"

"ರೊಟ್ಟಿ, ಪುಂಡಿಪಲ್ಯ."

"ಮತ್ತ?"

"ಮತ್ತೇನಿಲ್ಲ."

"ನೆನಪ ಮಾಡ್ಕೊಂಡ ಹೇಳ್ರಿ."

"ನೆನಪ ಮಾಡಾಕ ಏನ್ ಲಗ್ನದ ಊಟೇನ ಅದು?"

ಗೂಟಕ್ಕೆ ಹಾಕಿದ್ದ ಅವನ ಅಂಗಿಯನ್ನು ತೆಗೆದು ಆಕೆ ತೋಳು ಮೂಸಿ ನೋಡಿದಳು. "ಈ ತುಪ್ಪದ ವಾಸನಿ ಎಲ್ಲಿಂದ ಬಂತ್ರಿ? ಪುಂಡಿಪಲ್ಯಾಕ ತುಪ್ಪ ಹಾಕಿದ್ರೇನು?" ಎಂದವಳೇ ಬೆರಳು ಹಿಡಿದು ಚುಚ್ಚಿದಳು. ಅಂಕಿ ಇನ್ನೂರು ದಾಟಿತ್ತು.

ತುಪ್ಪದ ವಾಸನೆ ಬಂದದ್ದು ಸುಳ್ಳಲ್ಲ. ನಮ್ಮ ಕಡೆ ಹಾಡಿಕೆ ಮಾಡಿಸಿದವರು ಮೇಳದವರನ್ನು ಮೊದಲ ಪಂಕ್ತಿಗೆ ಕೂರಿಸಿ ಹುಗ್ಗಿ ಬಡಿಸುತ್ತಾರೆ. ಬೇಡ ಎಂದರೆ ಮನೆಯವರ ಮುಖಕ್ಕೆ ಹೊಡೆದಂತೆ. ಅದಕ್ಕೆ ಗುರಲಿಂಗಪ್ಪ ಬಡಿಸಿಕೊಳ್ಳುತ್ತಿದ್ದ. ಬಡಿಸಿದವನು ಅತ್ತ ತಿರುಗಿದ ಕೂಡಲೇ ಎಲೆಯನ್ನು ಹಾಗೇ ಎತ್ತಿ, ಪಕ್ಕದಲ್ಲಿ ಕೂತ ಸಂಗುವಿನ ಎಲೆಗೆ ಹುಗ್ಗಿಯನ್ನು ಸರಿಸಿಬಿಡುತ್ತಿದ್ದ. ಸಂಗು ಅವನ ಹಿಂದೆ ದನಿ ಎತ್ತಿ ಹಾಡುವ ಜೊತೆಗಾರ. ಇಬ್ಬರ ಪಾಲನ್ನು ಒಬ್ಬನೇ ಉಂಡು ಡರ್ರೆಂದು ತೇಗುವ ಸಜ್ಜನ. ಈ ಸಾಗಣೆಯಲ್ಲಿ ತೋಳಿಗೆ ತುಪ್ಪ ತಾಗದೆ ಇರುತ್ತದೆಯೇ? ಇದನ್ನು ಹೇಳಿದರೆ ಶೇವಂತೆವ್ವ, "ಸಂಗೂನ ಸಾಕ್ಷಿ ಕರಕೊಂಡ ಬರ್ರಿ" ಎನ್ನುತ್ತಿದ್ದಳು. ಸಂಗು ಬಂದು ಹೇಳಿದರೆ, "ಕಳ್ಳಗ ಸುಳ್ಳ ಸಾಕ್ಷಿ" ಎನ್ನುತ್ತಿದ್ದಳು.

ಅವತ್ತು ಗುರಲಿಂಗಪ್ಪನಿಗೆ ತಾಳ್ಮೆ ತಪ್ಪಿತು. ಎದ್ದು ದೇವರ ಜಗಲಿಗೆ ಹೋಗಿ, ಅಮೋಘಸಿದ್ಧನ ಭಂಡಾರವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಬಂದ. ಆ ಅರಿಸಿನ ಪುಡಿಯನ್ನು ಕೈಯಲ್ಲಿ ಹಿಡಿದು ಕುರುಬರ ಮನೆಯಲ್ಲಿ ಯಾರೂ ಸುಳ್ಳು ಆಡುವುದಿಲ್ಲ. ಜಗಳ ಎಷ್ಟೇ ದೊಡ್ಡದಿರಲಿ, ಭಂಡಾರ ಹಿಡಿದರೆ ಅಲ್ಲಿಗೆ ಮುಗಿಯಿತು.

"ಇದರ ಆಣಿ. ಸಿಹಿ ಮುಟ್ಟಿಲ್ಲ" ಎಂದ.

ಶೇವಂತೆವ್ವ ಯಂತ್ರದ ಅಂಕಿ ನೋಡಿದಳು, ಗಂಡನ ಹಳದಿ ಮುಷ್ಟಿ ನೋಡಿದಳು. ಆಕೆಯ ಮುಖದ ಕಳೆಯೇ ಹೋಯಿತು. "ತಿಂದ ಸಕ್ರಿ ಗುಳಿಗಿ ನುಂಗಿ ಇಳಸಬಹುದು. ಸುಳ್ಳ ಆಣಿ ಹೆಂಗ ಇಳಸ್ಲಿ ನಾ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಗುರಲಿಂಗಪ್ಪನಿಗೆ ಅಷ್ಟು ನೋವು ಯಾವತ್ತೂ ಆಗಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಬೈಗಳ ಅವರ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ, ದಿನಾ ಸ್ವಲ್ಪ ಬೇಕು. ಆದರೆ ಭಂಡಾರ ಹಿಡಿದ ಮಾತನ್ನೂ ಹೆಂಡತಿ ನಂಬಲಿಲ್ಲವೆಂದರೆ ಇನ್ನು ಯಾವ ಮಾತಿಗೆ ಬೆಲೆಯಿದೆ? ಎರಡು ದಿನ ಗಂಡ ಹೆಂಡತಿ ಕಾಂತುವಿನ ಮೂಲಕವೇ ಮಾತಾಡಿದರು. ಆ ಹುಡುಗನಿಗೆ ಸಾಕಾಗಿ, ಮೂರನೆಯ ದಿನ ಇಬ್ಬರನ್ನೂ ಟೆಂಪೊದಲ್ಲಿ ಹಾಕಿಕೊಂಡು ಇಂಡಿಯ ಡಾಕ್ಟರ ಹತ್ತಿರ ಹೋದ.

ಡಾಕ್ಟರ್ ಭಾಗ್ಯಜ್ಯೋತಿ ಮುದ್ದೇಬಿಹಾಳದ ಕಡೆಯ ಹೆಣ್ಣುಮಗಳು, ಮಾತು ಖಡಕ್, ನಗು ಧಾರಾಳ. ಇಬ್ಬರ ವಾದವನ್ನೂ ಕೇಳಿ, ಕಾಲು ನೋಡಿ, ರಕ್ತ ನೋಡಿ, ಕುರ್ಚಿ ಮುಂದೆ ಎಳೆದುಕೊಂಡಳು.

"ಕಾಕಾ, ಹಿಂಡಿಗೆ ತ್ವಾಳ ಬಂದ್ರ ಕುರಿ ಏನ್ ಮಾಡ್ತಾವ?"

"ಓಡ್ತಾವ."

"ಓಡಾಕ ಕಸುವು ಎಲ್ಲಿಂದ ಬರ್ತೈತಿ? ಆ ಹೊತ್ತಿಗೆ ಯಾರೂ ಮೇವು ಹಾಕಿರೂದಿಲ್ಲಲ್ಲ."

ಗುರಲಿಂಗಪ್ಪ ಇದನ್ನು ಯಾವತ್ತೂ ಯೋಚಿಸಿರಲಿಲ್ಲ.

"ಮೈಯಾಗ ಕೂಡಿಟ್ಟಿರತೈತಿ. ನಮಗೂ ಹಂಗ. ಮಿದುಳಿನ ತಳದಾಗ ಒಂದು ಸಣ್ಣ ಕಾವಲು ಐತಿ. ಅಂಜಿಕಿ ಕಂಡ ಕೂಡ್ಲೆ ಅದು ಕೂಗ ಹಾಕ್ತೈತಿ. ಕಿಡ್ನಿ ಮ್ಯಾಲ ಟೊಪಗಿ ಇಟ್ಟಂಗ ಎರಡು ಗ್ರಂಥಿ ಕುಂತಾವ. ಅವು ಅಡ್ರಿನಲಿನ್, ಕಾರ್ಟಿಸಾಲ್ ಅನ್ನೂ ಹಾರ್ಮೋನು ರಕ್ತಕ್ಕ ಬಿಡ್ತಾವ. ಆ ಹಾರ್ಮೋನು ಹೋಗಿ ಲಿವರಿಗೆ ಹೇಳ್ತಾವ, ಮಾಲಕ ಓಡಬೇಕಾಗೈತಿ, ನಿನ್ನ ಹಗೇವು ತಗಿ ಅಂತ. ಲಿವರು ಕೂಡಿಟ್ಟ ಸಕ್ರಿನೆಲ್ಲ ರಕ್ತಕ್ಕ ಸುರೀತೈತಿ."

ಹಗೇವು ಎಂದರೆ ಗುರಲಿಂಗಪ್ಪನಿಗೆ ಚೆನ್ನಾಗಿ ಗೊತ್ತು. ಅವನ ಅಜ್ಜನ ಕಾಲದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಟ್ಟು, ಕಷ್ಟ ಬಂದಾಗ ತೆಗೆಯುತ್ತಿದ್ದರು.

"ಹುಗ್ಗಿ ತಿನ್ನದನ?" ಎಂದಳು ಶೇವಂತೆವ್ವ.

"ತಿನ್ನದನ ರೀ. ಆ ಸಕ್ರಿನ ರಕ್ತದಿಂದ ತಗದು ಮೈಗೆಲ್ಲ ಹಂಚಾಂವ ಇನ್ಸುಲಿನ್ನು. ಕಾರ್ಟಿಸಾಲಿನ ಗದ್ದಲದಾಗ ಅವನ ಮಾತು ನಡಿಯೂದಿಲ್ಲ. ಕಾಕಾಗ ಮೊದಲ ಅವನ ಕೈ ಸಡಲ ಐತಿ. ಅಂಜಿ ಓಡಿದ್ರ ಸಕ್ರಿ ಖರ್ಚ ಆಕ್ಕೈತಿ. ಅಂಜಿ ಕುಂತ್ರ ಅಲ್ಲೇ ಉಳೀತೈತಿ. ಮತ್ತ ತ್ವಾಳ ಖರೇನ ಬರಬೇಕಂತಿಲ್ಲ, ಬರ್ತೈತಿ ಅಂದ್ಕೊಂಡ್ರೂ ಸಾಕು."

ಗುರಲಿಂಗಪ್ಪ ತಲೆಯಾಡಿಸಿದ. ತೋಳ ಬಂದುಹೋದ ಮರುದಿನ ಕುರಿ ಹಾಲು ಕೊಡುವುದಿಲ್ಲ. ಮೈಮೇಲೆ ಒಂದು ಗಾಯವೂ ಇರುವುದಿಲ್ಲ. ಇದನ್ನು ಅವನು ಬೇಕಾದಷ್ಟು ಸಲ ಕಂಡಿದ್ದ. ತನಗೂ ಕುರಿಗೂ ಒಂದೇ ಕಾಯಿದೆ ಎಂದು ತಿಳಿದು ಅವನಿಗೆ ಒಂದು ಥರ ಸಮಾಧಾನವಾಯಿತು. ಆದರೆ ಡಾಕ್ಟರ ಮುಂದಿನ ಮಾತಿಗೆ ಆ ಸಮಾಧಾನ ಹಾರಿಹೋಯಿತು.

"ನನಗ ಅನಸ್ತೈತಿ, ನಿಮ್ಮ ತ್ವಾಳ ಆ ಸವಾಲ ಜವಾಬು. ಎದುರಿನವರು ಏನ್ ಕೇಳ್ತಾರೋ ಅಂತ ಜೀವ ಹಿಡಕೊಂಡ ನಿಂತಿರ್ತೀರಿ. ಅದನ್ನ ಬಿಡಬೇಕಾಗ್ತೈತಿ."

"ಡೊಳ್ಳ ಬಿಟ್ರ ನಾ ಉಳೀತೇನಿ, ಗುರಲಿಂಗಪ್ಪ ಉಳ್ಯಾಂಗಿಲ್ಲ" ಎಂದ ಅವನು, ಬಹಳ ಮೆಲ್ಲಗೆ.

ಡಾಕ್ಟರಿಗೆ ಪಾಪವೆನಿಸಿತು. "ಬಿಡೂಕಿಂತ ಮೊದಲ ಒಮ್ಮಿ ಅಳದು ನೋಡೂಣು. ಹಾಡೂಕಿಂತ ಮೊದಲೊಮ್ಮಿ, ಹಾಡಿದ ಮ್ಯಾಲೊಮ್ಮಿ. ಏರಿದ್ರ ಬಿಡ್ರಿ. ಮಾವಶಿ, ನೀವ ಸಂಗಾಟ ಹೋಗ್ರಿ."

ಶೇವಂತೆವ್ವನಿಗೆ ಇದು ಒಪ್ಪಿಗೆಯಾಯಿತು. ಕಳ್ಳನನ್ನು ಕಾಯಲು ಡಾಕ್ಟರೇ ನೇಮಿಸಿದ ಮೇಲೆ ಬೇಡವೆನ್ನುವವರು ಯಾರು?

ಆಲಮೇಲದ ಹತ್ತಿರ ಶ್ರೀಶೈಲಪ್ಪ ಎಂಬ ಕಬ್ಬಿನ ಗೌಡ ಹೊಸ ಮನೆ ಕಟ್ಟಿಸಿ, ಪ್ರವೇಶದ ದಿನ ಹಗಲು ಹಾಡಿಕೆ ಇಡಿಸಿದ್ದ. ವೀಳ್ಯ ಆಗಲೇ ಗುರಲಿಂಗಪ್ಪನ ಕೈ ಸೇರಿತ್ತು. ವೀಳ್ಯ ಹಿಡಿದ ಮೇಲೆ ಹೋಗದೆ ಇರುವಂತಿಲ್ಲ. ಕಾಂತುವಿನ ಟೆಂಪೊದಲ್ಲಿ ಮೇಳ ಹೊರಟಿತು. ಶೇವಂತೆವ್ವ ಯಂತ್ರ, ರೊಟ್ಟಿಯ ಗಂಟು ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡು ಮುಂದೆ ಕೂತಳು. ಮೇಳದವರು ಆಕೆಗೆ ಹೆದರಿ ದಾರಿಯುದ್ದಕ್ಕೂ ಎಲೆಯಡಿಕೆ ಸಹ ಹಾಕಲಿಲ್ಲ.

ಊಟದ ಪಂಕ್ತಿಯಲ್ಲಿ ಗಂಡನ ಎದುರಿಗೇ ಕೂತಳು. ಹುಗ್ಗಿ ಬಂತು. ಬಡಿಸುವವನು ತಿರುಗಿದ. ಗುರಲಿಂಗಪ್ಪ ಎಲೆ ಎತ್ತಿದ, ಹುಗ್ಗಿ ಜಾರಿ ಸಂಗುವಿನ ಎಲೆಗೆ ಹೋಯಿತು, ತುಪ್ಪ ತೋಳಿನ ಮೇಲೆ ಇಳಿಯಿತು. ಶೇವಂತೆವ್ವ ಕಣ್ಣಾರೆ ಕಂಡಳು. ಅವನು ರೊಟ್ಟಿ ಮುರಿಯುತ್ತ ಆಕೆಯ ಕಡೆ ನೋಡಿದ. ಆಕೆ ಪುಂಡಿಪಲ್ಯದ ಕಡೆ ನೋಡಿದಳು.

ಹಾಡಿಕೆಗೆ ಮೊದಲು ಚುಚ್ಚಿದಾಗ ನೂರಾ ಎಪ್ಪತ್ತಿತ್ತು. ಆಮೇಲೆ ಡೊಳ್ಳು ಎದ್ದವು.

ಎದುರು ಮೇಳ ಸಿಂದಗಿ ಕಡೆಯ ಭುವನೇಶ್ವರಿಯದು. ವಯಸ್ಸಿನಲ್ಲಿ ಗುರಲಿಂಗಪ್ಪನಿಗಿಂತ ಬಹಳ ಸಣ್ಣವಳು, ಸವಾಲು ಹಾಕುವುದರಲ್ಲಿ ದೊಡ್ಡವಳು. ಸಂಜೆಯ ಹೊತ್ತಿಗೆ ಒಂದು ಸವಾಲು ಎಸೆದಳು. ಗಂಗೆ ಶಿವನ ಜಡೆ ಏರಿದ ದಿನ ಗೌರಿ ಸಿಟ್ಟಾಗಿ ತವರಿಗೆ ಹೋದಳು. ಅಂದು ಕೈಲಾಸದಲ್ಲಿ ದೀಪ ಹಚ್ಚಿದವರು ಯಾರು, ಹೇಳೋ ಹರದೇಶಿ. ಗುರಲಿಂಗಪ್ಪನ ಹಣೆಯಿಂದ ಬೆವರು ಸುರಿಯಿತು. ಜನ ಉಸಿರು ಹಿಡಿದರು. ಶೇವಂತೆವ್ವನ ಕೈ ತಾನಾಗಿ ಯಂತ್ರದ ಮೇಲೆ ಹೋಯಿತು. ತೋಳ ಬಂತು ಎಂದುಕೊಂಡಳು. ಅವನು ಡೊಳ್ಳು ಬಾರಿಸುತ್ತ ಮೂರು ಸುತ್ತು ಕುಣಿದ. ಕುಣಿಯುತ್ತಲೇ ಎತ್ತಿಕೊಂಡ: ಹಣೆಗಣ್ಣು ಇದ್ದವನ ಮನೆಗೆ ಹಣತೆ ಯಾಕೆ ಬೇಕು? ಜನ ಹೋ ಎಂದರು. ಭುವನೇಶ್ವರಿ ಬಿಡುವವಳೇ? ಆ ಕಣ್ಣು ತೆರೆದಿದ್ದರೆ ಗೌರಿ ತಿರುಗಿ ಬರಲು ಮನೆಯೇ ಉಳಿದಿರುತ್ತಿರಲಿಲ್ಲ ಎಂದಳು. ಗುರಲಿಂಗಪ್ಪ ಹಾಡು ಮರೆತು ನಕ್ಕುಬಿಟ್ಟ. ಶೇವಂತೆವ್ವನಿಗೂ ನಗು ಬಂತು. ತನ್ನ ಗಂಡ ಹೀಗೆ ನಗುತ್ತಾನೆ ಎಂಬುದು ಆಕೆಗೆ ಮರೆತೇ ಹೋಗಿತ್ತು.

ಹಾಡಿಕೆ ಮುಗಿದ ಕೂಡಲೇ ಚುಚ್ಚಿದಳು. ನೂರಾ ಇಪ್ಪತ್ತೆರಡು.

"ಯಂತ್ರ ಕೆಟ್ಟೈತಿ" ಎಂದಳು. ಖಾತ್ರಿ ಮಾಡಿಕೊಳ್ಳಲು ಪಕ್ಕದಲ್ಲಿದ್ದ ಸಂಗುವಿನ ಬೆರಳಿಗೆ ಬೇರೆ ಸೂಜಿ ಹಾಕಿ ಚುಚ್ಚಿದಳು. ಅವನದು ಮುನ್ನೂರರ ಹತ್ತಿರ ಬಂತು. ಇಷ್ಟು ವರ್ಷ ಇಬ್ಬರ ಪಾಲಿನ ಹುಗ್ಗಿ ಉಂಡ ಸಜ್ಜನ ಅಲ್ಲಿಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ. "ನಾಳಿ ಡಾಕ್ಟರ ಕಡೆ ನಡಿ" ಎಂದು ಶೇವಂತೆವ್ವ ಅವನಿಗೆ ಅಪ್ಪಣೆ ಕೊಟ್ಟಳು. ಯಂತ್ರ ಕೆಟ್ಟಿರಲಿಲ್ಲ.

ಟೆಂಪೊ ಇಂಡಿಯ ಕಡೆ ತಿರುಗಿತು. ಹಿಂದೆ ಮೇಳದವರು ಸಂಗುವನ್ನು ಸಮಾಧಾನ ಮಾಡುತ್ತಿದ್ದರು. ಮುಂದೆ ಗುರಲಿಂಗಪ್ಪ ಆರಾಮಾಗಿ ಕಾಲು ಚಾಚಿ ಕೂತಿದ್ದ. ಹಾಡಿಕೆ ಉಳಿಯಿತು, ಹೆಂಡತಿ ಕಣ್ಣಾರೆ ಕಂಡಳು, ಇನ್ನೇನು ಬೇಕು? ರಾತ್ರಿಯ ಊಟ ಮನೆಗೆ ಹೋಗಿ ಎಂದು ಹಾಡಿಕೆಯ ಮೇಲೆ ಯಾರೂ ಏನೂ ತಿಂದಿರಲಿಲ್ಲ. ಊರು ಹತ್ತಿರವಾಗುತ್ತಿದ್ದಂತೆ ಶೇವಂತೆವ್ವ ಗಂಟಲು ಸರಿಮಾಡಿಕೊಂಡಳು.

"ನಡಕ ಗೌಡರ ಜೋಡಿ ಪೆಂಡಾಲದ ಹಿಂದ ಹೋಗಿದ್ರಲ್ಲ. ಏನ್ ತಿಂದ್ರಿ ಅಲ್ಲಿ?"

"ನೀರ ಕುಡಿದೆ."

"ಬರೇ ನೀರ?"

"ಬರೇ ನೀರ."

"ನೀರ ಕುಡ್ಯಾಕ ಅಷ್ಟೊತ್ತ ಬೇಕಾ?"

ಗುರಲಿಂಗಪ್ಪನ ಎದೆ ಹಿಡಿದಂತಾಯಿತು. ಕೈ ತಣ್ಣಗಾಯಿತು, ಬಾಯಿ ಒಣಗಿತು. ಭುವನೇಶ್ವರಿಯ ಸವಾಲಿಗೆ ಹೀಗೆ ಆಗಿರಲಿಲ್ಲ. ಅಲ್ಲಿ ಕುಣಿಯಲು ಜಾಗವಿತ್ತು, ಬಾರಿಸಲು ಡೊಳ್ಳಿತ್ತು. ಇಲ್ಲಿ ಸೀಟಿನಲ್ಲಿ ಕೂತು ತಲೆ ತಗ್ಗಿಸುವುದೊಂದೇ ದಾರಿ. ಡಾಕ್ಟರ ಮಾತು ಅವನಿಗೆ ಈಗ ಪೂರ್ತಿ ತಿಳಿಯಿತು. ಬೆರಳು ಚಾಚಿದ.

"ಈಗ ಚುಚ್ಚು."

"ಈಗ ತಾನ ಚುಚ್ಚೇನಲ್ರಿ."

"ಮತ್ತೊಮ್ಮಿ ಚುಚ್ಚು. ನಿನ್ನ ಬಗಲಾಗ ಕುಂತೇನಿ, ಏನೂ ತಿಂದಿಲ್ಲ. ಚುಚ್ಚು."

ಕಾಂತು ಟೆಂಪೊ ಬದಿಗೆ ನಿಲ್ಲಿಸಿ ದೀಪ ಹಾಕಿದ. ಅಂಕಿ ಮೂಡಿತು. ನೂರಾ ಎಪ್ಪತ್ತೈದು. ಶೇವಂತೆವ್ವ ಅದನ್ನು ದೀಪಕ್ಕೆ ಹಿಡಿದು ನೋಡಿದಳು. ದಡ್ಡಿಯಲ್ಲ ಆಕೆ. ಹಾಡಿಕೆಯ ಮರುದಿನದ ಬೆಳಗುಗಳೆಲ್ಲ ಒಂದೊಂದಾಗಿ ನೆನಪಾದವು. ಮೊದಲು ಪ್ರಶ್ನೆ, ಆಮೇಲೆ ಸೂಜಿ.

"ಹಂಗಾರ ತ್ವಾಳ ನಾನ ಏನ್ರಿ?"

ಹೌದೆಂದರೆ ಅನ್ಯಾಯ, ಅಲ್ಲವೆಂದರೆ ಸುಳ್ಳು.

"ನಮ್ಮಣ್ಣ ದಿನಾ ಹೇಳ್ತಿದ್ದ, ಏನೂ ತಿಂದಿಲ್ಲ ತಂಗಿ ಅಂತ" ಎಂದಳು ಶೇವಂತೆವ್ವ. "ನಾ ನಂಬಿದ್ದೆ. ಒಂದ ದಿನನೂ ಕೇಳಲಿಲ್ಲ. ನಂಬಿ ನಂಬಿ ಅವನ್ನ ಮಣ್ಣಿಗೆ ಕಳಿಸಿದೆ. ನಿಮ್ಮನ್ನ ನಂಬಾಕ ನನಗ ಅಂಜಿಕಿ ಬರ್ತೈತ್ರಿ."

ಅಪ್ಪಾಸಾಬ ಸತ್ತದ್ದು ಗುರಲಿಂಗಪ್ಪನಿಗೆ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ತನಗೊಬ್ಬನಿಗೇ ತೋಳ ಬಂದಿದೆ ಎಂದುಕೊಂಡಿದ್ದ. ಆಕೆ ಅದರ ಜೊತೆಯಲ್ಲೇ ಇಷ್ಟು ವರ್ಷ ಮಲಗಿ ಎದ್ದಿದ್ದಾಳೆ ಎಂದು ತಿಳಿದು ಅವನ ಸಿಟ್ಟೆಲ್ಲ ಕರಗಿತು.

"ನಂಬಬ್ಯಾಡ" ಎಂದ. "ದಿನಾ ಚುಚ್ಚು. ಕೇಳಬ್ಯಾಡ, ಅಷ್ಟ."

ಶೇವಂತೆವ್ವ ಮೂಗೊರೆಸಿಕೊಂಡು ಯೋಚಿಸಿದಳು. "ಕೇಳದಿದ್ರ ನನಗ ಏರ್ತೈತ್ರಿ ಸಕ್ರಿ."

ಕಾಂತು ಸ್ಟೇರಿಂಗಿನ ಮೇಲೆ ತಲೆಯಿಟ್ಟು ನಕ್ಕ. ಹಿಂದಿನಿಂದ ಸಂಗುವೂ ತನ್ನ ದುಃಖ ಮರೆತು ನಕ್ಕ. ಗುರಲಿಂಗಪ್ಪ ಮೀಸೆ ತೀಡಿಕೊಂಡ.

"ಹಂಗಾರ ಕೇಳು. ಚುಚ್ಚಿದ ಮ್ಯಾಲ ಕೇಳು. ಕೇಳಿ ಮುಗಿದ ಕೂಡ್ಲೆ ನಾ ಕುರಿ ಬಿಟ್ಕೊಂಡ ನಡಿಯಾಕ ಹೊಕ್ಕೇನಿ."

ಮರುದಿನ ಇಂಡಿಯಲ್ಲಿ ಇದನ್ನೆಲ್ಲ ಕೇಳಿ ಡಾಕ್ಟರ್ ಭಾಗ್ಯಜ್ಯೋತಿ ಮೇಜು ತಟ್ಟಿ ನಕ್ಕಳು. ತೋಳದ ಗುರುತು ತನಗೇ ತಪ್ಪಿತು ಎಂದು ಒಪ್ಪಿಕೊಂಡಳು. ಗುಳಿಗೆ ಬಿಡಬೇಡಿ, ಕಾಲು ದಿನಾ ನೋಡಿಕೊಳ್ಳಿ, ಹಾಡಿಕೆ ನಡೆಯಲಿ ಎಂದಳು. ಈಗ ಹಾಡಿಕೆ ಇಡಿಸಿದವರ ಮನೆಗೆ ಶೇವಂತೆವ್ವನ ಫೋನು ಮೊದಲೇ ಹೋಗಿರುತ್ತದೆ: ಗುರಲಿಂಗಪ್ಪಗ ಮತ್ತ ಸಂಗೂಗ ರೊಟ್ಟಿ ಬಡಸ್ರಿ, ಸಿಟ್ಟಾಗಬ್ಯಾಡ್ರಿ. ಯಾರೂ ಸಿಟ್ಟಾಗಲಿಲ್ಲ. ಇಷ್ಟು ವರ್ಷ ಸುಮ್ಮನೆ ತೋಳಿಗೆ ತುಪ್ಪ ಹಚ್ಚಿಕೊಂಡೆವಲ್ಲ ಎಂದು ಗುರಲಿಂಗಪ್ಪನಿಗೆ ಅನಿಸಿದ್ದುಂಟು. ಸಕ್ಕರೆ ಪೂರಾ ಇಳಿಯಿತು ಎಂದಲ್ಲ. ಏರಿಳಿತವಿದೆ, ಆದರೆ ಮೊದಲಿನ ಹಾರಾಟವಿಲ್ಲ.

ಮೊನ್ನೆ ಬಸವನ ಬಾಗೇವಾಡಿಯ ಕಡೆ ಹಾಡಿ ಬಂದ ಮರುದಿನ ಬೆಳಿಗ್ಗೆ ಶೇವಂತೆವ್ವ ಎಂದಿನಂತೆ ಎದುರಿಗೆ ಕೂತಳು. ಮೊದಲು ಬೆರಳು ಹಿಡಿದು ಚುಚ್ಚಿ, ಹನಿಯನ್ನು ಪಟ್ಟಿಗೆ ತಾಗಿಸಿದಳು. ಆಮೇಲೆ ಕೇಳಿದಳು.

"ಏನ್ ತಿಂದೀರಿ?"

"ರೊಟ್ಟಿ. ಯಾರೋ ಹೊಸಬ ಹುಗ್ಗಿ ಹಾಕಾಕ ಬಂದಿದ್ದ. ಮುಟ್ಟಲಿಲ್ಲ."

ಯಂತ್ರದಲ್ಲಿ ಅಂಕಿ ಇನ್ನೂ ಮೂಡಿರಲಿಲ್ಲ.

"ಗೊತ್ತೈತ್ರಿ" ಎಂದಳು ಶೇವಂತೆವ್ವ.

ನಲವತ್ತು ವರ್ಷ ಎದುರು ಮೇಳದವರನ್ನು ಸೋಲಿಸಿದಾಗ ಸಿಕ್ಕ ಸಂತೋಷವೆಲ್ಲ ಒಂದು ಕಡೆ, ಈ ಒಂದು ಮಾತು ಒಂದು ಕಡೆ ಎಂದು ಗುರಲಿಂಗಪ್ಪನಿಗೆ ಅನಿಸಿತು. ಬೆರಳು ಒರೆಸಿಕೊಂಡು, ಕುರಿ ಬಿಡಲು ಹೊರಗೆ ಹೋದ.